ಕೆಮ್ಮದ ಕ್ಷಯ: ಬೆನ್ನುಮೂಳೆಯ ಟಿ.ಬಿ.ಯ ಇತಿಹಾಸ



ಪ್ರತಿ ವರ್ಷ ಮಾರ್ಚ್ 24ರಂದು ನಮ್ಮ ಶಾಲೆಗಳಲ್ಲಿ ವಿಶ್ವ ಕ್ಷಯರೋಗ ದಿನವನ್ನು ಆಚರಿಸುತ್ತೇವೆ. ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಶಿಕ್ಷಕರು ನಾಲ್ಕು ಮಾತು ಹೇಳುತ್ತಾರೆ, ಮಕ್ಕಳು ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡುತ್ತಾರೆ. ಗೋಡೆಗೆ ಅಂಟಿಸಿದ ಚಿತ್ರದಲ್ಲಿ ಒಬ್ಬ ಮನುಷ್ಯ ಬಾಯಿಗೆ ಬಟ್ಟೆ ಹಿಡಿದು ಕೆಮ್ಮುತ್ತಿರುತ್ತಾನೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿರಿ ಎಂಬ ಮಾತನ್ನು ನಾನೂ ಎಷ್ಟೋ ಸಲ ಕನ್ನಡದಲ್ಲಿ, ಉರ್ದುವಿನಲ್ಲಿ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಹೀಗೆ ಹೇಳಿಕೊಡುತ್ತಿದ್ದ ಒಂದು ವರ್ಷ ನಮ್ಮ ಬಂಧುಗಳ ಮನೆಯಲ್ಲಿಯೇ ಕ್ಷಯವಿತ್ತು. ಕೆಮ್ಮು ಮಾತ್ರ ಇರಲಿಲ್ಲ.

ನಮ್ಮ ಖಾಲಾ, ಅಂದರೆ ತಾಯಿಯ ತಂಗಿ, ಕುರುಗೋಡಿನವರು. ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಕೂಲಿಗೆ ಹೋಗುವವರು. ದೊಡ್ಡಬಸವೇಶ್ವರ ತೇರಿನ ಹೊತ್ತಿಗೆ ಅವರಿಗೆ ಬೆನ್ನುನೋವು ಶುರುವಾಯಿತು. ದಿನವೆಲ್ಲ ಬಗ್ಗಿ ದುಡಿಯುವವರಿಗೆ ಕಮರ್ ನೋವು ಯಾರಿಗಿಲ್ಲ ಎಂದು ನಾವೆಲ್ಲ ಅಂದುಕೊಂಡೆವು. ಎಣ್ಣೆ ತಿಕ್ಕಿಸಿದ್ದಾಯಿತು, ಸೂಜಿ ಗುಳಿಗೆ ಆಯಿತು. ಒಬ್ಬರು ಗ್ಯಾಸ್ ಎಂದರು, ಒಬ್ಬರು ಸುಣ್ಣದಂಶ ಕಡಿಮೆ ಎಂದರು, ಮತ್ತೊಬ್ಬರು ಎಕ್ಸ್‌ರೇ ತೆಗೆಸಿ ಏನೂ ಇಲ್ಲವೆಂದು ಹೇಳಿ ಸೊಂಟದ ಬೆಲ್ಟ್ ಬರೆದುಕೊಟ್ಟರು. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ರಾತ್ರಿ ಮಗ್ಗುಲು ಬದಲಿಸಲು ಆಗುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಅದನ್ನು ಯಾರೂ, ನಾನೂ ಸೇರಿ, ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಭತ್ತದ ನಾಟಿ ಮುಗಿಯುವ ಹೊತ್ತಿಗೆ ಅವರ ರವಿಕೆಗಳೆಲ್ಲ ಸಡಿಲವಾಗಿದ್ದವು. ದೀಪಾವಳಿಯ ಹತ್ತಿರ ಒಂದು ಬೆಳಿಗ್ಗೆ ನಡೆಯುವಾಗ ಕಾಲಿನಿಂದ ಚಪ್ಪಲಿ ಜಾರಿ ಹೋದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಆಗ ನಮಗೆ ಭಯವಾಯಿತು.

ಬಳ್ಳಾರಿಯಲ್ಲಿ ಎಂ.ಆರ್.ಐ. ಮಾಡಿಸಿದ ಮೇಲೆ ರೋಗ ತಿಳಿಯಿತು. "ಯಾಕ್ರೀ ಇಷ್ಟು ತಡಾ ಮಾಡಿದ್ರಿ? ಮೊದ್ಲೇ ತೋರಿಸ್ಬೇಕಿತ್ತಲ್ಲ" ಎಂದು ಡಾಕ್ಟರು ಗದರಿದರು. ಖಾಲಾ ಮೆಲ್ಲಗೆ, "ತೋರಿಸೀನ್ರೀ ಸಾಹೇಬ್ರ, ನಾಕು ಕಡೆ ತೋರಿಸೀನಿ" ಎಂದರು. ಆ ಉತ್ತರ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಈ ರೋಗದ ಇತಿಹಾಸವನ್ನು ಓದಲು ಕಾರಣವಾದದ್ದು ಅದೇ. ಓದಿದ್ದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ರೋಗದ ಸ್ವರೂಪ. ಕ್ಷಯದ ಕ್ರಿಮಿ ಉಸಿರಿನ ಮೂಲಕ ಶ್ವಾಸಕೋಶವನ್ನು ಸೇರುತ್ತದೆ. ಅಲ್ಲಿಂದ ರಕ್ತದಲ್ಲಿ ಹರಿದು ದೇಹದ ಯಾವ ಭಾಗಕ್ಕಾದರೂ ಹೋಗಿ ನೆಲೆಸಬಹುದು. ಮೂಳೆ ಮತ್ತು ಕೀಲುಗಳಿಗೆ ಬರುವ ಕ್ಷಯದಲ್ಲಿ ಸುಮಾರು ಅರ್ಧದಷ್ಟು ಬೆನ್ನುಮೂಳೆಗೇ ಬರುತ್ತದೆ. ನಮ್ಮ ಬೆನ್ನು ಮಣಿಗಳನ್ನು ಒಂದರ ಮೇಲೊಂದು ಪೇರಿಸಿದ ಕಂಬದಂತಿದೆ. ಕ್ರಿಮಿ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಮಣಿಗಳ ಮುಂಭಾಗವನ್ನು ಹಿಡಿದು, ನಡುವಿನ ಮೆತ್ತೆಯನ್ನೂ ಕೆಡಿಸುತ್ತದೆ. ಮುಂಭಾಗ ಕರಗಿದಾಗ ಮೇಲಿನ ಮಣಿ ಮುಂದಕ್ಕೆ ಕುಸಿಯುತ್ತದೆ, ಹಿಂಭಾಗ ಗೂನಾಗಿ ಎದ್ದು ಕಾಣುತ್ತದೆ. ಉರ್ದುವಿನಲ್ಲಿ ಕೂಬಡ್ ಎನ್ನುವುದು ಇದನ್ನೇ. ಮಣಿಗಳ ಹಿಂದೆಯೇ ಬೆನ್ನುಹುರಿ ಇದೆ. ಕೀವು ಅಥವಾ ಮೂಳೆಯ ಚೂರು ಅದನ್ನು ಒತ್ತಿದರೆ ಕಾಲಿನ ಶಕ್ತಿ ಹೋಗುತ್ತದೆ. ಈ ಕೀವು ವಿಚಿತ್ರವಾದದ್ದು. ಮುಟ್ಟಿದರೆ ಬಿಸಿಯಿರುವುದಿಲ್ಲ, ಕೆಂಪಿರುವುದಿಲ್ಲ. ಸ್ನಾಯುವಿನ ಗುಂಟ ಇಳಿದು ಕೆಲವರಿಗೆ ತೊಡೆಸಂದಿನಲ್ಲಿ ಗಡ್ಡೆಯಾಗಿ ಕಾಣಿಸಿಕೊಳ್ಳುತ್ತದೆ. ಬೆನ್ನಿನ ರೋಗ ತೊಡೆಯಲ್ಲಿ ಕಂಡರೆ ಯಾರಿಗೆ ತಾನೆ ಹೊಳೆಯಬೇಕು!

ಇದು ಹೊಸ ರೋಗವಲ್ಲ. ಈಜಿಪ್ಟಿನ 21ನೆಯ ರಾಜವಂಶದ ಕಾಲದ, ಎಂದರೆ ಸುಮಾರು ಮೂರು ಸಾವಿರ ವರ್ಷಗಳ ಹಿಂದಿನ, ಒಬ್ಬ ಪೂಜಾರಿಯ ಶವವನ್ನು 1910ರಲ್ಲಿ ವಿದ್ವಾಂಸರು ಪರೀಕ್ಷಿಸಿ ವರದಿ ಮಾಡಿದರು. ಬೆನ್ನಿನ ಮಣಿಗಳು ಕುಸಿದು ಗೂನಾಗಿದ್ದವು, ಕೀವು ಸ್ನಾಯುವಿನ ಗುಂಟ ಇಳಿದ ಗುರುತೂ ಇತ್ತು. ಗ್ರೀಸಿನ ಹಿಪಾಕ್ರಟೀಸ್, ನಮ್ಮ ಯುನಾನಿ ಹಕೀಮರು ಬುಖ್ರಾತ್ ಎನ್ನುವವರು, ಗೂನು ಬೆನ್ನಿನವರ ಶ್ವಾಸಕೋಶದಲ್ಲಿ ಗಂಟುಗಳಿರುವುದನ್ನು ಬರೆದಿಟ್ಟರು. ಎರಡಕ್ಕೂ ಸಂಬಂಧವಿದೆ ಎಂಬ ಅನುಮಾನ ಅಷ್ಟು ಹಳೆಯದು. ಉರ್ದು ಓದುವ ವಿದ್ಯಾರ್ಥಿಗಳಿಗೆ ತಪೇದಿಕ್ ಮತ್ತು ಸಿಲ್ ಎಂಬ ಶಬ್ದಗಳು ಗೊತ್ತು. ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಸಿಲ್ ರೋಗವನ್ನು ಒಬ್ಬರಿಂದ ಒಬ್ಬರಿಗೆ ಹರಡುವ ರೋಗಗಳ ಸಾಲಿನಲ್ಲಿ ಸೇರಿಸಿದ್ದಾರೆ. ಸ್ಪೇನಿನ ಕುರ್ತುಬಾದಲ್ಲಿದ್ದ ಅಲ್ ಜಹ್ರಾವಿ, ಸುಮಾರು 1013ರಲ್ಲಿ ತೀರಿಕೊಂಡವರು, ಮೂವತ್ತು ಭಾಗಗಳ 'ಅತ್ತಸ್ರೀಫ್' ಎಂಬ ವೈದ್ಯಗ್ರಂಥವನ್ನು ಬರೆದರು. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು. ಮಕ್ಕಳಿಗೆ ಗೂನು ಶುರುವಾಗುತ್ತಿರುವಾಗ ಕಾದ ಕಬ್ಬಿಣದಿಂದ ಬರೆ ಹಾಕುವ ಕ್ರಮವನ್ನು ಅವರು ಅಲ್ಲಿ ಹೇಳಿದ್ದಾರೆ.

ನಮ್ಮ ಸಭೆಗಳಲ್ಲಿ ಇಂತಹ ಹೆಸರುಗಳನ್ನು ಹೇಳಿ ಎಲ್ಲವನ್ನೂ ನಮ್ಮವರೇ ಮೊದಲು ಕಂಡುಹಿಡಿದರು ಎಂದು ಚಪ್ಪಾಳೆ ಗಿಟ್ಟಿಸುವ ಪದ್ಧತಿಯಿದೆ. ನನಗೆ ಅದು ಸರಿ ಕಾಣುವುದಿಲ್ಲ. ಬರೆ ಹಾಕಿದರೆ ಕ್ಷಯ ಹೋಗುವುದಿಲ್ಲ. ಜಹ್ರಾವಿಯವರ ದೊಡ್ಡತನವಿರುವುದು ರೋಗವನ್ನು ಅದರ ಆರಂಭದಲ್ಲಿಯೇ ಗುರುತಿಸಲು ನೋಡಿದ್ದರಲ್ಲಿ. ಎಂಟು ತಿಂಗಳು ನಮ್ಮ ಕಣ್ಣೆದುರಿಗೇ ಇದ್ದ ರೋಗವನ್ನು ನಾವು ಗುರುತಿಸಲಿಲ್ಲವಲ್ಲ.

ಲಂಡನ್ನಿನ ಸಂತ ಬಾರ್ತಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಅವರು 1779ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಬೆನ್ನು ಗೂನಾದವರಿಗೆ ಕಾಲಿನ ಶಕ್ತಿ ಹೋಗುವುದು ಸಾಮಾನ್ಯ ಲಕ್ವದಂತಲ್ಲ, ಮೂಳೆಯೇ ಕೊಳೆತು ಹೀಗಾಗುತ್ತದೆ ಎಂದು ಅವರು ಸ್ಪಷ್ಟವಾಗಿ ವಿವರಿಸಿದರು. ಇಂದಿಗೂ ವೈದ್ಯರು ಈ ರೋಗವನ್ನು ಪಾಟ್ಸ್ ಕಾಯಿಲೆ ಎನ್ನುತ್ತಾರೆ. ಅವರ ಚಿಕಿತ್ಸೆ ಏನೆಂದರೆ, ಗೂನಿನ ಎರಡೂ ಪಕ್ಕ ಸುಡುವ ಔಷಧಿಯಿಂದ ಹುಣ್ಣು ಮಾಡಿ ತಿಂಗಳುಗಟ್ಟಲೆ ಕೀವು ಸೋರುವಂತೆ ಇಡುವುದು. ಜಹ್ರಾವಿಯವರ ಬರೆಗೂ ಇದಕ್ಕೂ ಎಂಟುನೂರು ವರ್ಷಗಳ ಅಂತರ, ಉಪಾಯ ಬಹುಮಟ್ಟಿಗೆ ಒಂದೇ. ಇಂಗ್ಲಿಷ್ ಪಾಠದಲ್ಲಿ ಅಲೆಗ್ಸಾಂಡರ್ ಪೋಪ್ ಕವಿಯ ಹೆಸರು ಕೇಳಿದವರಿರಬಹುದು. ಅವರು ಪಾಟ್ ಅವರಿಗಿಂತ ಹಿಂದಿನ ತಲೆಮಾರಿನವರು. ಬಾಲ್ಯದಲ್ಲಿ ಬಂದ ಈ ರೋಗದಿಂದ ಅವರ ಎತ್ತರ ನಾಲ್ಕೂವರೆ ಅಡಿಗೇ ನಿಂತುಹೋಯಿತು.

1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಖ್ ಕ್ಷಯದ ಕ್ರಿಮಿಯನ್ನು ಕಂಡುಹಿಡಿದ ವಿಷಯವನ್ನು ಬರ್ಲಿನ್ನಿನಲ್ಲಿ ಘೋಷಿಸಿದರು. ನಾವು ಆಚರಿಸುವ ದಿನ ಅದೇ. 1895ರಲ್ಲಿ ರಾಂಟ್‌ಜೆನ್ ಅವರಿಂದ ಎಕ್ಸ್‌ರೇ ಬಂದಿತು. ಕ್ರಿಮಿ ಗೊತ್ತಾಯಿತು, ಮೂಳೆ ಕಾಣಿಸಿತು, ಆದರೆ ಔಷಧಿ ಇರಲಿಲ್ಲ. ಆದ್ದರಿಂದ ಮುಂದಿನ ಅರ್ಧ ಶತಮಾನ ಹಾಸಿಗೆಯೇ ಔಷಧಿಯಾಯಿತು. ಸ್ವಿಟ್ಜರ್ಲೆಂಡಿನ ಲೇಸಾ ಎಂಬ ಬೆಟ್ಟದೂರಿನಲ್ಲಿ ಡಾಕ್ಟರ್ ರೋಲಿಯೆ ಅವರು 1903ರಿಂದ ಮೂಳೆಕ್ಷಯದ ಮಕ್ಕಳನ್ನು ಬಿಸಿಲಿಗೆ ಮಲಗಿಸಿ ಚಿಕಿತ್ಸೆ ಮಾಡಿದರು. ಬೇರೆ ಕಡೆಗಳಲ್ಲಿ ಮಕ್ಕಳನ್ನು ಕತ್ತಿನಿಂದ ಸೊಂಟದವರೆಗೆ ಪ್ಲಾಸ್ಟರಿನಲ್ಲಿ ಕಟ್ಟಿ, ಕಬ್ಬಿಣದ ಚೌಕಟ್ಟಿಗೆ ಬಿಗಿದು ವರ್ಷಗಟ್ಟಲೆ ಮಲಗಿಸುತ್ತಿದ್ದರು. ಯುರೋಪಿನಲ್ಲಿ ಮಕ್ಕಳಿಗೆ ಈ ರೋಗ ಹೆಚ್ಚಾಗಲು ಕಾಯಿಸದ ಹಸಿ ಹಾಲೂ ಒಂದು ಕಾರಣವಾಗಿತ್ತು, ಏಕೆಂದರೆ ಹಸುಗಳಿಗೂ ಕ್ಷಯ ಬರುತ್ತದೆ. ಹಾಲು ಉಕ್ಕಿಸಿ ಕುಡಿಯುವ ನಮ್ಮ ಅಜ್ಜಿಯರ ರೂಢಿ ಎಷ್ಟು ಮಕ್ಕಳ ಬೆನ್ನು ಕಾಯ್ದಿದೆಯೋ.

ಇನ್ನು ನಮ್ಮ ಸೀಮೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಮೈಸೂರಿನಲ್ಲಿ, ಕ್ಷಯದಿಂದ ತೀರಿಕೊಂಡ ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಯಾನಟೋರಿಯಂ ಆಯಿತು, ಆದರೆ ಅದು ಬೇರೆ ರಾಜ್ಯ. ನಮ್ಮ ಕಡೆಯವರಿಗೆ ಹೆಸರಾಂತ ಸ್ಥಳವೆಂದರೆ ಮದನಪಲ್ಲಿಯ ಪಕ್ಕದ ಆರೋಗ್ಯವರಂ. ಹಲವು ಮಿಷನ್‌ಗಳು ಸೇರಿ 1912ರಲ್ಲಿ ಕೈಗೆತ್ತಿಕೊಂಡ ಈ ಆಸ್ಪತ್ರೆಯನ್ನು ಡೆನ್ಮಾರ್ಕಿನ ಡಾಕ್ಟರ್ ಫ್ರಿಮಾಟ್ ಮೊಲ್ಲರ್ ಕಟ್ಟಿ ಬೆಳೆಸಿದರು. ಭಾರತದಲ್ಲಿ ಬಿ.ಸಿ.ಜಿ. ಲಸಿಕೆ 1948ರಲ್ಲಿ ಶುರುವಾದದ್ದೂ ಮದನಪಲ್ಲಿಯಲ್ಲಿಯೇ. ಬಳ್ಳಾರಿಯಿಂದ ಗುಂತಕಲ್ಲು, ಧರ್ಮಾವರಂ ದಾಟಿ ರೈಲಿನಲ್ಲಿ ಹೋಗಿ ತಿಂಗಳುಗಟ್ಟಲೆ ಅಲ್ಲಿರಲು ಎಷ್ಟು ಕೂಲಿಕಾರರಿಗೆ ಸಾಧ್ಯವಿತ್ತು? ಬಳ್ಳಾರಿಯಲ್ಲಿಯೂ ವೆಲ್ಲೆಸ್ಲಿ ಎಂಬ ಹೆಸರಿನ ಟಿ.ಬಿ. ಆಸ್ಪತ್ರೆ ಇದ್ದದ್ದು ಹಿರಿಯರಿಗೆ ನೆನಪಿದ್ದೀತು. ಆ ಹೆಸರು ಹೇಳಿದರೆ ಸಾಕು, ಹಿಂದಿನವರು ಧ್ವನಿ ತಗ್ಗಿಸುತ್ತಿದ್ದರಂತೆ.

ಔಷಧಿಗಳು ಬಂದದ್ದು ಆಮೇಲೆ. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದಲ್ಲಿ ದೊರೆಯಿತು, 1952ರಲ್ಲಿ ಐಸೋನಿಯಾಜಿಡ್ ಬಂದಿತು, 1960ರ ದಶಕದಲ್ಲಿ ರಿಫಾಂಪಿಸಿನ್. ಆದರೆ ಗುಳಿಗೆಯನ್ನು ಎಲ್ಲಿ ನುಂಗಬೇಕು? ಹಾಸಿಗೆ, ಒಳ್ಳೆಯ ಗಾಳಿ, ಮೊಟ್ಟೆ ಹಾಲು ಇಲ್ಲದೆ ಬರೀ ಗುಳಿಗೆಯಿಂದ ವಾಸಿಯಾದೀತೆ ಎಂಬುದು ದೊಡ್ಡ ವೈದ್ಯರ ಸಂಶಯವಾಗಿತ್ತು. ಇದಕ್ಕೆ ಉತ್ತರ ಸಿಕ್ಕಿದ್ದು ಮದ್ರಾಸಿನಲ್ಲಿ. 1956ರಲ್ಲಿ ಅಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು ಬಡ ಬಡಾವಣೆಗಳ 193 ಶ್ವಾಸಕೋಶ ಕ್ಷಯರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ ಒಳ್ಳೆಯ ಊಟ, ವಿಶ್ರಾಂತಿಯೊಡನೆ ಒಂದು ವರ್ಷ ಔಷಧಿ. ಇನ್ನೊಂದು ಗುಂಪಿಗೆ ಇಕ್ಕಟ್ಟಾದ ಸ್ವಂತ ಮನೆಯಲ್ಲಿಯೇ ಅದೇ ಔಷಧಿ. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾಗಿದ್ದರು, ಮನೆಯವರಿಗೆ ರೋಗ ಹರಡುವುದೂ ಹೆಚ್ಚಾಗಿರಲಿಲ್ಲ. ಜಗತ್ತಿನ ಸ್ಯಾನಟೋರಿಯಂಗಳು ಒಂದೊಂದಾಗಿ ಬಾಗಿಲು ಹಾಕಲು ಇದು ದೊಡ್ಡ ಕಾರಣವಾಯಿತು.

ಶ್ವಾಸಕೋಶದ ಮಾತಾಯಿತು, ಬೆನ್ನಿನ ಕಥೆ ಏನು? ಅಲ್ಲಿ ವಾದ ಇನ್ನೂ ಜೋರಾಗಿತ್ತು. ಹಾಂಕಾಂಗಿನಲ್ಲಿ ಹಾಜ್‌ಸನ್ ಮತ್ತು ಸ್ಟಾಕ್ ಎಂಬ ಶಸ್ತ್ರವೈದ್ಯರು 1950ರ ದಶಕದಲ್ಲಿ ಎದೆ ಅಥವಾ ಹೊಟ್ಟೆಯ ಕಡೆಯಿಂದ ತೆರೆದು, ಕೊಳೆತ ಮೂಳೆಯನ್ನೆಲ್ಲ ತೆಗೆದು, ಹೊಸ ಮೂಳೆಯ ತುಂಡು ಕೂರಿಸಿ ಹೆಸರು ಮಾಡಿದರು. ಅದು ಉತ್ತಮ ಕೆಲಸ. ಆದರೆ ಅಂತಹ ಕೈಚಳಕ, ರಕ್ತ, ಆಪರೇಷನ್ ಥಿಯೇಟರು ನಮ್ಮ ದೇಶದ ಎಷ್ಟು ಊರುಗಳಲ್ಲಿತ್ತು? ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಡಾಕ್ಟರ್ ಎಸ್.ಎಂ. ತುಲಿ ಅವರು ನಡುವಿನ ದಾರಿಯೊಂದನ್ನು ಹುಡುಕಿದರು. ಎಲ್ಲರಿಗೂ ಮೊದಲು ಔಷಧಿ, ಲಕ್ವ ಇಳಿಯದವರಿಗೆ ಮತ್ತು ನಿಜವಾಗಿ ಅಗತ್ಯವಿದ್ದವರಿಗೆ ಮಾತ್ರ ಶಸ್ತ್ರಕ್ರಿಯೆ. ಇದರ ಫಲಿತಾಂಶವನ್ನು ಅವರು 1975ರಲ್ಲಿ ಪ್ರಕಟಿಸಿದರು. ಕಾಲಿನ ಶಕ್ತಿ ಕಳೆದುಕೊಂಡವರಲ್ಲಿಯೂ ಅನೇಕರು ಚಾಕು ಮುಟ್ಟದೆಯೇ ಎದ್ದು ನಡೆದಿದ್ದರು.

ಅದೇ ಕಾಲದಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿಯು ಕೊರಿಯಾ, ಹಾಂಕಾಂಗ್ ಮತ್ತು ಇಂದಿನ ಜಿಂಬಾಬ್ವೆಯಲ್ಲಿ ಪ್ರಯೋಗಗಳನ್ನು ನಡೆಸಿತು. ಕೊರಿಯಾದ ಒಂದು ಊರಿನಲ್ಲಿ ಕೆಲವರನ್ನು ಆರು ತಿಂಗಳು ಆಸ್ಪತ್ರೆಯಲ್ಲಿ ಮಲಗಿಸಿದರು, ಕೆಲವರನ್ನು ಓಡಾಡಲು ಬಿಟ್ಟರು. ಇನ್ನೊಂದು ಊರಿನಲ್ಲಿ ಕೆಲವರಿಗೆ ಒಂಬತ್ತು ತಿಂಗಳು ಪ್ಲಾಸ್ಟರಿನ ಕವಚ ತೊಡಿಸಿದರು, ಕೆಲವರಿಗೆ ಇಲ್ಲ. ಔಷಧಿ ಸರಿಯಾಗಿ ತೆಗೆದುಕೊಂಡವರಲ್ಲಿ ಮಲಗಿದ್ದರಿಂದಲೂ ಹೆಚ್ಚಿನ ಲಾಭವಿಲ್ಲ, ಕವಚದಿಂದಲೂ ಇಲ್ಲ ಎಂದು 1970ರ ದಶಕದ ವರದಿಗಳು ಹೇಳಿದವು. ಹಾಸಿಗೆಗೆ ಬಿಗಿದು ಬಾಲ್ಯ ಕಳೆದ ಆ ಮಕ್ಕಳನ್ನು ನೆನೆದರೆ ಕರುಳು ಚುರುಕ್ಕೆನ್ನುತ್ತದೆ. 1975ರಿಂದ ಮದ್ರಾಸಿನ ಕೇಂದ್ರವೂ ಬೆನ್ನಿನ ಕ್ಷಯದ ಪ್ರಯೋಗಕ್ಕೆ ಇಳಿಯಿತು. ಒಂದು ಗುಂಪಿಗೆ ದೊಡ್ಡ ಶಸ್ತ್ರಕ್ರಿಯೆ ಮತ್ತು ಆರು ತಿಂಗಳ ಔಷಧಿ, ಉಳಿದ ಎರಡು ಗುಂಪುಗಳಿಗೆ ಓಡಾಡಿಕೊಂಡೇ ಆರು ಅಥವಾ ಒಂಬತ್ತು ತಿಂಗಳ ಔಷಧಿ. ಹತ್ತು ವರ್ಷ ಬೆನ್ನುಹತ್ತಿ ನೋಡಿದ ಫಲಿತಾಂಶ 1999ರಲ್ಲಿ ಹೊರಬಂದಿತು. ಶಸ್ತ್ರಕ್ರಿಯೆ ಆಗದವರಲ್ಲಿಯೂ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಚೆನ್ನಾಗಿದ್ದರು.

ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ರೋಗ ವಾಸಿಯಾದರೂ ಬೆಳೆಯುವ ಮಗುವಿನ ಗೂನು ಬೆಳೆಯುತ್ತಲೇ ಹೋಗಬಹುದು. ಕೊಯಮತ್ತೂರಿನ ಡಾಕ್ಟರ್ ಎಸ್. ರಾಜಶೇಖರನ್ ಅವರು ಇಂತಹ ಮಕ್ಕಳನ್ನು ಹದಿನೈದು ವರ್ಷ ಗಮನಿಸಿ, ಯಾವ ಮಗುವಿಗೆ ಮುಂದೆ ಗೂನು ಹೆಚ್ಚಾಗುತ್ತದೆ ಎಂಬುದನ್ನು ಎಕ್ಸ್‌ರೇಯಲ್ಲಿಯೇ ಮುಂಚಿತವಾಗಿ ತಿಳಿಯುವ ಗುರುತುಗಳನ್ನು 2001ರಲ್ಲಿ ಪ್ರಕಟಿಸಿದರು. ಆದ್ದರಿಂದ ಮಗುವಿಗೆ ಔಷಧಿ ಮುಗಿಯಿತೆಂದು ತೋರಿಸುವುದನ್ನು ಬಿಡಬಾರದು.

ಹೀಗೆ ಚಿಕಿತ್ಸೆಯ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಸಿಕ್ಕಿತು, ಅದೂ ನಮ್ಮ ನೆರೆಯಲ್ಲಿಯೇ. ಮತ್ತೆ ಖಾಲಾ ಏಕೆ ಎಂಟು ತಿಂಗಳು ನರಳಿದರು? ಇದಕ್ಕೆ ಉತ್ತರ ಹುಡುಕುವಾಗ ನನಗೆ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಒಂದು ಹಳೆಯ ಅಧ್ಯಯನ ಸಿಕ್ಕಿತು. ಈ ಸಂಸ್ಥೆಯನ್ನು ಪ್ರಧಾನಿ ನೆಹರೂ ಅವರು ಉದ್ಘಾಟಿಸಿದರು. ಅದಿರುವುದು ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ! ಹಳ್ಳಿಯ ಜನ ಅಜ್ಞಾನಿಗಳು, ರೋಗ ಬಂದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ಸಾಮಾನ್ಯ ನಂಬಿಕೆ. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಶ್ವಾಸಕೋಶ ಕ್ಷಯವಿದ್ದವರನ್ನು ಕಂಡು ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ವರದಿ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿದ್ದರು. ಅಲ್ಲಿ ಅವರಿಗೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಲಾಗಿತ್ತು.

ಇದನ್ನು ಓದಿದಾಗ "ನಾಕು ಕಡೆ ತೋರಿಸೀನಿ" ಎಂದ ಧ್ವನಿಯೇ ಕೇಳಿಸಿದಂತಾಯಿತು. ಅಂದು ಕೆಮ್ಮಿನ ಬಾಟಲಿ, ಇಂದು ಸೊಂಟದ ಬೆಲ್ಟ್. ಕೆಮ್ಮುವ ರೋಗಿಯ ಬಗ್ಗೆ ಆ ಅಧ್ಯಯನದ ನಂತರ ದೇಶ ಪಾಠ ಕಲಿಯಿತು, 1962ರಲ್ಲಿ ಶುರುವಾಗಿದ್ದ ರಾಷ್ಟ್ರೀಯ ಕಾರ್ಯಕ್ರಮ ಕಫ ಪರೀಕ್ಷೆಯನ್ನು ಹಳ್ಳಿಹಳ್ಳಿಗೆ ಒಯ್ದಿತು. ಬೆನ್ನು ಹಿಡಿದುಕೊಂಡು ಬಂದವರಿಗೆ ಮಾತ್ರ ಆ ಪರೀಕ್ಷೆಯಿಂದ ಉಪಯೋಗವಿಲ್ಲ, ಏಕೆಂದರೆ ಬಹಳ ಸಲ ಅವರ ಕಫದಲ್ಲಿ ಕ್ರಿಮಿಯೇ ಇರುವುದಿಲ್ಲ. ಎಕ್ಸ್‌ರೇ ಕೂಡ ಮೋಸ ಮಾಡುತ್ತದೆ. ಮಣಿಯ ಸುಮಾರು ಮೂರನೆಯ ಒಂದು ಭಾಗ ಕರಗುವವರೆಗೆ ಅದರಲ್ಲಿ ಏನೂ ಸ್ಪಷ್ಟವಾಗಿ ಕಾಣದಿರಬಹುದು. ಖಾಲಾರಿಗೆ ಏನೂ ಇಲ್ಲ ಎಂದವರು ಸುಳ್ಳು ಹೇಳಿರಲಿಲ್ಲ, ಅವರ ಎಕ್ಸ್‌ರೇಯಲ್ಲಿ ಆಗ ನಿಜವಾಗಿಯೂ ಏನೂ ಕಂಡಿರಲಿಕ್ಕಿಲ್ಲ. ಆದರೆ ಎರಡು ತಿಂಗಳ ನಂತರ ಇನ್ನೊಮ್ಮೆ ನೋಡೋಣ ಬನ್ನಿ ಎಂದು ಯಾರೂ ಹೇಳಲಿಲ್ಲ.

ಹಾಗಾದರೆ ಏನನ್ನು ಗಮನಿಸಬೇಕು? ವಾರಗಟ್ಟಲೆ ಇಳಿಯದ, ವಿಶ್ರಾಂತಿಯಲ್ಲಿಯೂ ರಾತ್ರಿಯಲ್ಲಿಯೂ ಕಾಡುವ ಬೆನ್ನುನೋವು. ಜೊತೆಗೆ ಸಂಜೆಯ ಸಣ್ಣ ಜ್ವರ, ಹಸಿವಿಲ್ಲದಿರುವುದು, ತೂಕ ಇಳಿಯುವುದು. ಬೆನ್ನಿನ ಒಂದೇ ಜಾಗದಲ್ಲಿ ಒತ್ತಿದರೆ ನೋವು. ಮಕ್ಕಳಾದರೆ ನೆಲದ ಮೇಲೆ ಒಂದು ನಾಣ್ಯ ಹಾಕಿ ಎತ್ತಿಕೊಡಲು ಹೇಳಿ. ಬೆನ್ನಿನ ಕ್ಷಯವಿರುವ ಮಗು ಬಗ್ಗುವುದಿಲ್ಲ. ಬೆನ್ನನ್ನು ನೆಟ್ಟಗೆ ಹಿಡಿದು, ತೊಡೆಯ ಮೇಲೆ ಕೈಯೂರಿ, ಕುಕ್ಕರಗಾಲಲ್ಲಿ ಕುಳಿತು ಎತ್ತುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ, ತರಗತಿಯಲ್ಲಿ ಶಿಕ್ಷಕರೂ ಗಮನಿಸಬಹುದು. ಕಾಲು ಜೋಮು, ನಡಿಗೆಯಲ್ಲಿ ತಡವರಿಕೆ, ಚಪ್ಪಲಿ ಜಾರುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮುಂದಿನ ದಾರಿ ಹೀಗಿದೆ. ಎಂ.ಆರ್.ಐ.ಯಲ್ಲಿ ಮಣಿಗಳ ಸ್ಥಿತಿ, ಕೀವು, ಬೆನ್ನುಹುರಿಯ ಮೇಲಿನ ಒತ್ತಡ ಬೇಗ ಕಾಣುತ್ತವೆ. ಅಲ್ಲಿಗೇ ನಿಲ್ಲಬಾರದು. ಸಾಧ್ಯವಿದ್ದಲ್ಲಿ ಸೂಜಿಯಿಂದ ಆ ಜಾಗದ ಚೂರನ್ನು ತೆಗೆದು ಪರೀಕ್ಷೆಗೆ ಕಳಿಸಬೇಕು. ಏಕೆಂದರೆ ಕ್ಯಾನ್ಸರು, ಬೇರೆ ಕ್ರಿಮಿಗಳ ಸೋಂಕು ಸಹ ಹಾಗೆಯೇ ಕಾಣಬಹುದು. ಕುರಿ ಮೇಕೆಗಳಿಂದ ಬರುವ ಬ್ರುಸೆಲ್ಲಾ ಎಂಬ ಜ್ವರವೂ ಬೆನ್ನುಮೂಳೆಯನ್ನು ಹಿಡಿಯುತ್ತದೆ. ಕುರಿ ಸಾಕುವ ನಮ್ಮ ಸೀಮೆಯಲ್ಲಿ ಇದನ್ನು ಮರೆಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿದ ಸಿಬಿನಾಟ್ ಯಂತ್ರದ ಪರೀಕ್ಷೆ ಸುಮಾರು ಎರಡು ತಾಸಿನಲ್ಲಿ ಕ್ಷಯದ ಕ್ರಿಮಿ ಇದೆಯೇ, ರಿಫಾಂಪಿಸಿನ್ ಅದಕ್ಕೆ ನಾಟುತ್ತದೆಯೇ ಎರಡನ್ನೂ ಹೇಳುತ್ತದೆ. ಅದರಲ್ಲಿ ಕ್ರಿಮಿ ಸಿಗದಿದ್ದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ, ಉಳಿದ ಪರೀಕ್ಷೆಗಳನ್ನೂ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಭಾರತದ 2016ರ ಮಾರ್ಗಸೂಚಿಯ ಪ್ರಕಾರ ಬೆನ್ನಿನ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧಿ, ನಂತರ ಹತ್ತು ತಿಂಗಳು ಮೂರು ಔಷಧಿ, ಒಟ್ಟು ಹನ್ನೆರಡು ತಿಂಗಳು. ಕೆಲವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಈ ಔಷಧಿಗಳನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಜೊತೆಗೆ ಪೌಷ್ಟಿಕ ಆಹಾರಕ್ಕೆಂದು 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1000 ರೂಪಾಯಿ ಆಗಿದೆ. ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ರಿಫಾಂಪಿಸಿನ್ನಿನ ಬಣ್ಣ. ಆದರೆ ಕಣ್ಣು ಮಂಜಾದರೆ, ವಾಂತಿಯೊಡನೆ ಕಣ್ಣು ಹಳದಿಯಾದರೆ ತಡಮಾಡದೆ ಡಾಕ್ಟರಿಗೆ ತಿಳಿಸಬೇಕು. ರಮಜಾನಿನಲ್ಲಿ ಏನು ಮಾಡಬೇಕೆಂದು ಬಹಳ ಜನ ಕೇಳುತ್ತಾರೆ. ಕಾಯಿಲೆಯವರಿಗೆ ರೋಜಾ ಬಿಟ್ಟು ನಂತರ ಪೂರೈಸಲು ಅವಕಾಶವಿರುವುದು ಎಲ್ಲರಿಗೂ ತಿಳಿದದ್ದೇ. ತಾವಾಗಿಯೇ ಗುಳಿಗೆ ನಿಲ್ಲಿಸುವುದು ಮಾತ್ರ ಅಪಾಯ.

ಇನ್ನೊಂದು ಮಾತು ಹೇಳಲೇಬೇಕು. ಖಾಲಾರ ರೋಗದ ಹೆಸರು ಕೇಳಿದ ಕೂಡಲೇ ಓಣಿಯಲ್ಲಿ ಅವರ ಲೋಟ ಬೇರೆಯಾಯಿತು. ಮಗಳಿಗೆ ಬಂದಿದ್ದ ಸಂಬಂಧದವರು ಮತ್ತೆ ಬರಲಿಲ್ಲ. ಶ್ವಾಸಕೋಶದಲ್ಲಿ ರೋಗವಿಲ್ಲದೆ ಬರೀ ಬೆನ್ನಿನಲ್ಲಿ ಕ್ಷಯವಿದ್ದವರಿಂದ ಉಸಿರಿನ ಮೂಲಕ ರೋಗ ಹರಡುವುದಿಲ್ಲ. ಲೋಟದಿಂದ, ತಟ್ಟೆಯಿಂದ ಯಾವ ಕ್ಷಯವೂ ಹರಡುವುದಿಲ್ಲ. ಇದನ್ನು ಡಾಕ್ಟರಿಂದಲೇ ಕೇಳಿ ಬಂದು ನಾನು ಮನೆಮನೆಗೆ ಹೋಗಿ ಹೇಳಿದೆ. ಕೆಲವರು ಒಪ್ಪಿದರು, ಕೆಲವರು ತಲೆಯಾಡಿಸಿ ಸುಮ್ಮನಾದರು.

ಖಾಲಾರಿಗೆ ಶಸ್ತ್ರಕ್ರಿಯೆ ಬೇಕಾಗಲಿಲ್ಲ. ಮೂರನೆಯ ತಿಂಗಳಿಗೆ ಕಾಲಿನಲ್ಲಿ ಶಕ್ತಿ ಬಂದಿತು, ಹದಿನಾಲ್ಕು ತಿಂಗಳಿಗೆ ಔಷಧಿ ಮುಗಿಯಿತು. ಕೊನೆಯ ಸಲ ತೋರಿಸಲು ನಾನೇ ಜೊತೆಯಲ್ಲಿ ಹೋಗಿದ್ದೆ. ಮೆಣಸಿನಕಾಯಿ ಬಿಡಿಸಲು ಹೋಗಬಹುದೇ ಎಂದು ಅವರು ಕೇಳಿದರು. ಭಾರ ಎತ್ತಬೇಡಿ, ಕೂತು ಮಾಡುವ ಕೆಲಸ ಮಾಡಿ ಎಂದು ಡಾಕ್ಟರು ಹೇಳಿದರು. ಈಗ ಅವರು ಬಿಡಿಸಿ ತಂದ ಕಾಯಿಯ ತೊಟ್ಟು ಮುರಿಯುವ ಕೆಲಸ ಮಾಡುತ್ತಾರೆ. ಬೆನ್ನಿನ ನಡುವೆ ಸಣ್ಣ ಉಬ್ಬು ಉಳಿದಿದೆ, ದುಪಟ್ಟಾ ಹೊದ್ದರೆ ಕಾಣುವುದಿಲ್ಲ. ಓಣಿಯಲ್ಲಿ ಯಾರಾದರೂ ಕಮರ್ ನೋವು ಎಂದರೆ, "ಸಂಜಿಕ್ ಜ್ವರ ಬರ್ತದೇನು?" ಎಂದು ಮೊದಲು ಕೇಳುವವರು ಅವರೇ.